ಮನೆಯ ತಂಪು, ಮನೆಯ ಬಿಸುಪು: ನಮ್ಮ ನಾಲ್ಕು ತಾಲ್ಲೂಕುಗಳ ಗೃಹಚರಿತ್ರೆಯ ಒಂದು ಅಧ್ಯಾಯ

ಅರಸರ ವಂಶಾವಳಿಗಳನ್ನೂ ಯುದ್ಧಗಳ ತೇದಿಗಳನ್ನೂ ಗೊತ್ತುಮಾಡುವುದರಲ್ಲಿ ನಮ್ಮ ಚರಿತ್ರಕಾರರು ತೋರಿಸಿರುವ ಶ್ರದ್ಧೆಯಲ್ಲಿ ಒಂದಂಶವನ್ನಾದರೂ, ಆ ಅರಸರೂ ಅವರ ಪ್ರಜೆಗಳೂ ಬೇಸಗೆಯ ಮಧ್ಯಾಹ್ನವನ್ನು ಹೇಗೆ ಕಳೆದರು, ಮಾಗಿಯ ಇರುಳಿನಲ್ಲಿ ಯಾವುದರಿಂದ ಮೈಯನ್ನು ಬೆಚ್ಚಗಿರಿಸಿಕೊಂಡರು ಎಂಬ ವಿಷಯದಲ್ಲಿ ತೋರಿಸಿಲ್ಲ. ಮನುಷ್ಯನ ಆಯುಸ್ಸಿನ ಬಹುಭಾಗವು ಮನೆಯೊಳಗೆ ಕಳೆಯತಕ್ಕುದಾದುದರಿಂದ ಈ ಪ್ರಶ್ನೆಯು ಕ್ಷುಲ್ಲಕವಾದುದೆಂದು ಯಾರೂ ಹೇಳಲಾರರು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ಈ ವಿಷಯವನ್ನು ಸ್ವಲ್ಪ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಹಳೆಯ ತೊಟ್ಟಿಮನೆಗಳನ್ನು ಕೆಡವಿ ಹೊಸ ಮನೆಗಳನ್ನು ಕಟ್ಟಿಸುವ ಕಾರ್ಯವು ಈ ಸೀಮೆಯಲ್ಲೆಲ್ಲ ಭರದಿಂದ ನಡೆಯುತ್ತಿರುವ ಈ ಕಾಲದಲ್ಲಿ ಇಂತಹ ಪರಿಶೀಲನೆಯು ಅಪ್ರಸ್ತುತವಾಗಲಾರದು.

ಮೊದಲು ಹವೆಯ ಸಂಗತಿ. ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಅಡಿಗಳಿಗೂ ಮೇಲಿರುವ ಈ ಪ್ರದೇಶದಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನದ ಶಾಖವು ಸಾಮಾನ್ಯವಾಗಿ ೩೪-೩೫ ಡಿಗ್ರಿ ಸೆಂಟಿಗ್ರೇಡಿಗೆ ಏರುತ್ತದೆ. ಜನವರಿಯ ಬೆಳಗಿನ ಜಾವದಲ್ಲಿ ೧೬ರ ಆಸುಪಾಸಿಗೆ ಇಳಿಯುತ್ತದೆ. ಉತ್ತರದೇಶದ ಬೆಂಕಿಗಾಳಿಯೂ ಇಲ್ಲಿಲ್ಲ, ಹಿಮಪಾತವೂ ಇಲ್ಲ. ಅದಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ, ಕಡುಬೇಸಗೆಯಲ್ಲಿಯೂ ಇಲ್ಲಿನ ಇರುಳು ಹಗಲಿಗಿಂತ ಬಹಳ ತಂಪಾಗಿರುವುದು. ಇರುಳಿನ ಈ ತಂಪನ್ನು ಹಿಡಿದಿಟ್ಟುಕೊಂಡು ಹಗಲಿನಲ್ಲಿ ವೆಚ್ಚಮಾಡಬಲ್ಲ ಮನೆಗೆ ಬೇರೊಂದು ಉಪಕರಣದ ಆವಶ್ಯಕತೆ ಅಷ್ಟಾಗಿ ಇರುವುದಿಲ್ಲ. ನಮ್ಮ ಪೂರ್ವಿಕರ ಗೃಹನಿರ್ಮಾಣದ ರಹಸ್ಯವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ತಂಪಾದ ಗೃಹವು ಸುಖಜೀವನದ ಒಂದು ಅಂಗವೆಂಬುದನ್ನು ಕನ್ನಡನಾಡಿನ ಅರಸರು ಬಹು ಹಿಂದೆಯೇ ಮನಗಂಡಿದ್ದರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ಉಪಭೋಗಗಳನ್ನು ಎಣಿಸುವಾಗ ಗೃಹವನ್ನೂ ಕುಡಿಯುವ ನೀರನ್ನೂ ಪ್ರತ್ಯೇಕವಾಗಿ ಲೆಕ್ಕಕ್ಕೆ ತಂದುಕೊಂಡಿದ್ದಾನೆ. ನಮ್ಮ ಸೀಮೆಯಲ್ಲಿ ಆ ಯುಗದ ಅರಮನೆಗಳಾವುವೂ ಉಳಿದಿಲ್ಲ, ಉಳಿದಿರುವುವು ದೇವಾಲಯಗಳು. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವನ್ನಾಗಲಿ, ನಾಗಮಂಗಲದ ಸೌಮ್ಯಕೇಶವ ದೇವಾಲಯವನ್ನಾಗಲಿ ಬೇಸಗೆಯ ನಡುಹಗಲಿನಲ್ಲಿ ಹೊಕ್ಕವರಿಗೆ, ದಪ್ಪನಾದ ಕಲ್ಲಿನ ಗೋಡೆಯೂ ಮುಂಚಾಚಿದ ಲೋವೆಯೂ ಮಿತವಾದ ಬೆಳಕೂ ಕೂಡಿ ಎಂತಹ ಶೈತ್ಯವನ್ನುಂಟುಮಾಡುವುವೆಂಬುದು ಅನುಭವಸಿದ್ಧವಾಗಿದೆ. ಮನೆಯಲ್ಲಿ ನೆರಳಿಲ್ಲದ ದಾರಿಗನಿಗೂ ಬಡವನಿಗೂ ಊರಿನ ಮಂಟಪವೇ ಬೇಸಗೆಯ ಆಸರೆಯಾಗಿತ್ತು.

ಮನುಷ್ಯರ ವಾಸಕ್ಕಾಗಿಯೇ ತಂಪನ್ನು ಬುದ್ಧಿಪೂರ್ವಕವಾಗಿ ಕಟ್ಟಿದ ದೃಷ್ಟಾಂತವು ಬೇಕಾದರೆ ಶ್ರೀರಂಗಪಟ್ಟಣದ ಕೋಟೆಯ ಹೊರಗೆ, ಕಾವೇರಿಯ ದಡದ ತೋಟದಲ್ಲಿ, ಟಿಪ್ಪು ಸುಲ್ತಾನನು ೧೭೮೪ರಲ್ಲಿ ಕಟ್ಟಿಸಿದ ದರಿಯಾ ದೌಲತನ್ನು ನೋಡಬೇಕು. ಇದು ಹೆಸರಿಗೆ ತಕ್ಕಂತೆ ನದಿಯ ಸಂಪತ್ತನ್ನು ಅನುಭವಿಸುವ ಬೇಸಗೆಯರಮನೆ. ನೋಡುವವರೆಲ್ಲರೂ ೧೭೮೦ರ ಪೊಳ್ಳಿಲೂರು ಯುದ್ಧದ ವರ್ಣಚಿತ್ರದ ಮುಂದೆ ನಿಂತು ಹಿಂದಿರುಗುತ್ತಾರೆಯೇ ಹೊರತು, ಕಟ್ಟಡವು ಉಸಿರಾಡುವ ಬಗೆಯನ್ನು ಗಮನಿಸುವವರು ವಿರಳ. ಎತ್ತರವಾದ ಜಗತಿಯ ಮೇಲೆ ಚೌಕಾಕಾರವಾಗಿ ನಿಂತಿರುವ ಈ ಮಹಲಿಗೆ ನಾಲ್ಕು ಕಡೆಯೂ ಮರದ ಕಂಬಗಳ ಅಗಲವಾದ ಮೊಗಸಾಲೆ ಇದೆ. ಆದುದರಿಂದ ಒಳಗಿನ ಗೋಡೆಯ ಮೇಲೆ ಎತ್ತರದ ಬಿಸಿಲು ನೇರವಾಗಿ ಬೀಳುವುದಿಲ್ಲ. ನಾಲ್ಕು ಮೂಲೆಗಳಲ್ಲಿ ನಾಲ್ಕು ಕೊಠಡಿಗಳು. ಅವುಗಳ ನಡುವೆ ಪೂರ್ವದ ಮೊಗಸಾಲೆಯನ್ನೂ ಪಶ್ಚಿಮದ ಮೊಗಸಾಲೆಯನ್ನೂ ಕೂಡಿಸುವ ಹಜಾರ. ಒಂದು ಕಡೆಯಿಂದ ಬಂದ ಗಾಳಿಯು ಮತ್ತೊಂದು ಕಡೆಗೆ ಹಾದುಹೋಗಲು ಇದೇ ರಾಜಬೀದಿ. ಸುತ್ತಲಿನ ತೋಟದ ಮರಗಳೂ ಹತ್ತಿರದ ಹೊಳೆಯೂ ಆ ಗಾಳಿಯ ಬಿಸಿಯನ್ನು ತಗ್ಗಿಸುತ್ತವೆ.

ಇಷ್ಟು ಚೆನ್ನಾದ ಕಟ್ಟಡವೂ ತನ್ನಷ್ಟಕ್ಕೆ ತಾನೇ ಉಳಿಯಲಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ೧೭೯೯ರಲ್ಲಿ ಪಟ್ಟಣವು ಬಿದ್ದಮೇಲೆ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಇದನ್ನು ತನ್ನ ವಾಸಕ್ಕೆ ಆರಿಸಿಕೊಂಡು ಚಿತ್ರಗಳನ್ನು ಸರಿಪಡಿಸಿದನು. ಅವು ಮತ್ತೆ ಮಾಸಿದಾಗ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಪುನಃ ಬರೆಯಿಸಬೇಕಾಯಿತು. ಇಂದು ಸುತ್ತಲೂ ಇಳಿಬಿಟ್ಟಿರುವ ಹಸುರು ಪರದೆಗಳು ಬಿಸಿಲನ್ನೂ ಮಳೆಯ ಇರಿಚಲನ್ನೂ ತಡೆದು ಕಾಪಾಡುತ್ತಿವೆ. ಕಟ್ಟಿದವನೊಬ್ಬ, ಕಾಪಾಡಿದವರು ಹಲವರು.

ಅದೇ ಊರಿನಲ್ಲಿ ಇದಕ್ಕೆ ಪ್ರತಿಯಾದ ದೃಷ್ಟಾಂತವೂ ಇದ್ದಿತು. ೧೮೦೦ರಲ್ಲಿ ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿ ವರದಿ ಬರೆದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಎಂಬುವನು, ಕೋಟೆಯೊಳಗಿನ ಸುಲ್ತಾನನ ದೊಡ್ಡ ಅರಮನೆಯನ್ನು ಸಿಪಾಯಿಗಳ ವಸತಿಯನ್ನಾಗಿ ಮಾಡಿದ್ದುದನ್ನು ಕಂಡು, ಗಾಳಿಯ ಸಂಚಾರವಿಲ್ಲದೆ ಅವರು ಅಲ್ಲಿ ಕಷ್ಟಪಡುತ್ತಿದ್ದುದನ್ನು ಬರೆದಿದ್ದಾನೆ. ದೇಶೀಯರ ಕಟ್ಟಡಗಳಲ್ಲೆಲ್ಲ ಇದು ಸಾಮಾನ್ಯವಾದ ದೋಷವೆಂಬುದು ಅವನ ಅಭಿಪ್ರಾಯ. ಈ ಅಭಿಪ್ರಾಯವನ್ನು ಪೂರ್ಣವಾಗಿ ಒಪ್ಪುವುದು ಸಾಧ್ಯವಿಲ್ಲ. ಎತ್ತರವಾದ ಕಲ್ಲುಮಣ್ಣಿನ ಗೋಡೆಯಿಂದ ಸುತ್ತುವರಿದ ಅರಮನೆಯು ಶತ್ರುಭಯದಿಂದ ಕಟ್ಟಿದುದು. ಅದರಲ್ಲಿ ದಂಡನ್ನು ತುಂಬಿದರೆ ಯಾವ ದೇಶದ ಕಟ್ಟಡವಾದರೂ ಉಸಿರುಕಟ್ಟುವುದೇ ಸರಿ. ಅರ್ಧ ಹರಿದಾರಿಯೊಳಗೆ ಅದೇ ಅರಸನ ದರಿಯಾ ದೌಲತ್ತು ಗಾಳಿಯಾಡುತ್ತ ನಿಂತಿದ್ದಿತಷ್ಟೆ. ಇದರಿಂದ ನಾವು ಗ್ರಹಿಸಬೇಕಾದುದೇನೆಂದರೆ, ಮನೆಯು ತಂಪಾಗಿರುವುದು ದೇಶೀಯವೋ ವಿದೇಶೀಯವೋ ಎಂಬುದರಿಂದಲ್ಲ. ಯಾವ ಉದ್ದೇಶಕ್ಕೆ ಕಟ್ಟಿತು, ಎಷ್ಟು ಜನಕ್ಕೆ ಒದಗಿತು, ಹೇಗೆ ನಡೆಸಿಕೊಂಡು ಬಂದಿತು ಎಂಬುದರಿಂದ.

ಆಂಗ್ಲರು ಕೊನೆಗೆ ಕಂಡುಕೊಂಡ ಪರಿಹಾರವು ಮನೆಯನ್ನು ತಿದ್ದುವುದಲ್ಲ, ಊರನ್ನೇ ಬಿಡುವುದು. ದ್ವೀಪದಲ್ಲಿ ಚಳಿಜ್ವರದ ಹಾವಳಿಯನ್ನು ತಡೆಯಲಾರದೆ ೧೮೦೯ರಲ್ಲಿ ಬೆಂಗಳೂರಿನಲ್ಲಿ ದಂಡುಪ್ರದೇಶವನ್ನು ಏರ್ಪಡಿಸಿದರು. ಈಗಿನ ಪಾಂಡವಪುರ, ಎಂದರೆ ಹಿಂದಿನ ಹಿರೋಡೆಯು, ಹೈದರ್ ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಾರಣದಿಂದ ಫ್ರೆಂಚ್ ರಾಕ್ಸ್ ಎಂಬ ಹೆಸರನ್ನು ಪಡೆದು, ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲರ ದಂಡಿಗೂ ಠಾಣೆಯಾಗಿದ್ದಿತು. ಚಳಿಜ್ವರಕ್ಕೆ ಕಾರಣವು ಕೆಟ್ಟ ಗಾಳಿಯೆಂದು ಆ ಕಾಲದವರು ನಂಬಿದ್ದರು. ಸೊಳ್ಳೆಯ ಪಾತ್ರವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದುದು ೧೮೯೭ರಲ್ಲಿ. ತಂಪನ್ನು ಕೊಡುವ ನೀರೇ ನಿಂತರೆ ರೋಗವನ್ನೂ ಕೊಡುತ್ತದೆಂಬ ಈ ಪಾಠವು ಮುಂದೆ ನಮಗೆ ಬೇಕಾಗುವುದು.

ಬೆಂಗಳೂರೂ ಸಾಲದಾದವರು ನೀಲಗಿರಿಯನ್ನೇರಿದರು. ಅಲ್ಲಿನ ಉದಕಮಂಡಲದಲ್ಲಿ ೧೮೨೯ರಲ್ಲಿ ಅಸ್ತಿಭಾರ ಹಾಕಿದ ಸಂತ ಸ್ಟೀಫನ್ನನ ಇಗರ್ಜಿಗೆ ಬೇಕಾದ ತೊಲೆಗಳನ್ನು ಶ್ರೀರಂಗಪಟ್ಟಣದ ದ್ವೀಪದಲ್ಲಿದ್ದ ಟಿಪ್ಪುವಿನ ಲಾಲ್‌ಬಾಗ್ ಅರಮನೆಯನ್ನು ಕಳಚಿ ಸಾಗಿಸಿದರು. ಬಿಸಿಲಿಗೆ ನೆರಳಾಗಿ ನಿಂತಿದ್ದ ಮರಗಳು ಹೀಗೆ, ಅಗ್ಗಿಷ್ಟಿಕೆಯಿಲ್ಲದೆ ಇರುಳು ಕಳೆಯದಂತಹ ಬೆಟ್ಟದ ಚಳಿಗೆ ಮಾಡಾದುವು. ಕೈಯಾರೆ ಕಾಪಾಡಿದ ದರಿಯಾ ದೌಲತ್ತು ಇಂದಿಗೂ ಇದೆ. ಕಾಪಾಡುವವರಿಲ್ಲದ ಲಾಲ್‌ಬಾಗ್ ಅರಮನೆಯು ಇಲ್ಲ.

ಅರಸರ ಮಾತು ಇಷ್ಟಿರಲಿ. ಗೃಹಸ್ಥನ ಮನೆಯ ಸಂಗತಿ ಏನು? ಈ ನಾಲ್ಕು ತಾಲ್ಲೂಕುಗಳಲ್ಲಿ ಅನುಕೂಲಸ್ಥರ ಮನೆಯೆಂದರೆ ತೊಟ್ಟಿಮನೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ಕೈಸಾಲೆ, ಅದರಾಚೆ ಕೋಣೆಗಳು, ಮುಂದೆ ಜಗಲಿ, ಹಿಂದೆ ಹಿತ್ತಿಲು. ಗೋಡೆಯು ಒಂದೂವರೆ ಎರಡು ಅಡಿ ದಪ್ಪದ ಮಣ್ಣಿನದು. ಇರುಳಿನಲ್ಲಿ ತಣ್ಣಗಾದ ಗಾಳಿಯು ಭಾರವಾಗಿ ತೊಟ್ಟಿಯೊಳಗಿಳಿದು ನೆಲವನ್ನೂ ಗೋಡೆಯನ್ನೂ ತಣಿಸುತ್ತದೆ. ಹಗಲಿನಲ್ಲಿ ಬಿಸಿಯಾದ ಗಾಳಿಯು ಹಗುರಾಗಿ ಅದೇ ತೊಟ್ಟಿಯಿಂದ ಮೇಲಕ್ಕೆ ಹೋಗುತ್ತದೆ. ದಪ್ಪನಾದ ಮಣ್ಣುಗೋಡೆಯನ್ನು ದಾಟಿ ಒಳಗೆ ಬರಲು ಹೊರಗಿನ ಶಾಖಕ್ಕೆ ಎಂಟು ಹತ್ತು ಗಂಟೆಗಳಾದರೂ ಬೇಕು. ಅಷ್ಟರಲ್ಲಿ ಹೊರಗೆ ಇರುಳಾಗಿರುತ್ತದೆ. ಅಟ್ಟವು ಸೂರಿನ ಬಿಸಿಯನ್ನು ತಾನು ತಡೆದು ಕೆಳಗಿನ ಕೋಣೆಯನ್ನು ಉಳಿಸುತ್ತದೆ. ಬಾಗಿಲಿಗೆ ಕಟ್ಟಿ ನೀರು ಚಿಮುಕಿಸುವ ಲಾಮಂಚದ ತಟ್ಟಿಯು ಸಿರಿವಂತರ ವಿಲಾಸವಾಗಿತ್ತು. ಒಂದು ಸೇರು ನೀರು ಆವಿಯಾಗಲು ಬೇಕಾಗುವ ಶಾಖದಿಂದ ಮಂಜಿನಷ್ಟು ತಣ್ಣಗಿರುವ ಐದು ಸೇರು ನೀರನ್ನು ಕುದಿಯುವಂತೆ ಮಾಡಬಹುದು. ಆ ಶಾಖವನ್ನೆಲ್ಲ ತಟ್ಟಿಯು ಒಳಬರುವ ಗಾಳಿಯಿಂದಲೇ ಕಸಿದುಕೊಳ್ಳುತ್ತದೆ. ಬಡವರ ಮನೆಯ ಮಣ್ಣಿನ ಹೂಜಿಯೂ ಇದೇ ತತ್ತ್ವವನ್ನು ಸದ್ದಿಲ್ಲದೆ ಸಾಧಿಸುತ್ತದೆ.

ಚಳಿಗಾಲದ ಏರ್ಪಾಡು ಬೇರೆಯದು. ನಮ್ಮವರು ಮನೆಯನ್ನೆಲ್ಲ ಕಾಯಿಸಲು ಹೋಗಲಿಲ್ಲ, ಮನುಷ್ಯನನ್ನು ಕಾಯಿಸಿದರು. ಕುರುಬರು ನೇಯ್ದ ಕಂಬಳಿ, ಮುದುಕರ ಮಗ್ಗುಲಿಗೆ ಕೆಂಡದ ಅಗ್ಗಿಷ್ಟಿಕೆ, ಬಾಣಂತಿಯ ಕೋಣೆಗೆ ಸಾಂಬ್ರಾಣಿಯ ಹೊಗೆ, ಬಚ್ಚಲಲ್ಲಿ ಸದಾ ಕಾದಿರುವ ಹಂಡೆ: ಇಷ್ಟೇ ಸಾಮಗ್ರಿ. ಹಿತ್ತಾಳೆಯ ಕೆಲಸಕ್ಕೆ ಹೆಸರಾಗಿದ್ದ ನಾಗಮಂಗಲದ ಕಂಚುಗಾರರು ಇಂತಹ ಪಾತ್ರೆಗಳನ್ನು ಸುತ್ತಲಿನ ಸೀಮೆಗೆ ಒದಗಿಸುತ್ತಿದ್ದರು. ದನಗಳನ್ನು ಮನೆಯ ಒಳಭಾಗದಲ್ಲಿಯೇ ಕಟ್ಟುವ ರೂಢಿಯಿಂದ ಅವುಗಳ ಮೈಬಿಸಿಯೂ ಮಾಗಿಯ ಇರುಳಿಗೆ ಒದಗುತ್ತಿತ್ತು.

ಹಳೆಯದನ್ನು ಹೊಗಳುವ ಭರದಲ್ಲಿ ಅದರ ದೋಷವನ್ನು ಮರೆಮಾಚುವುದು ಚರಿತ್ರಕಾರನಿಗೆ ಸಲ್ಲದು. ಒಲೆಯ ಹೊಗೆಯು ಅಟ್ಟದ ಧಾನ್ಯವನ್ನೂ ಸೂರಿನ ಮರವನ್ನೂ ಹುಳುವಿನಿಂದ ಕಾಪಾಡಿತು, ನಿಜ. ಆದರೆ ಒಲೆಯ ಮುಂದೆ ಕುಳಿತ ಹೆಂಗಸರ ಕಣ್ಣನ್ನೂ ಶ್ವಾಸಕೋಶವನ್ನೂ ತಿಂದಿತು. ಮುಚ್ಚಿದ ಕೋಣೆಯಲ್ಲಿ ಕೆಂಡವನ್ನಿಟ್ಟುಕೊಂಡು ಮಲಗುವುದರಿಂದ ವಿಷಾನಿಲವುಂಟಾಗಿ ಪ್ರಾಣಹಾನಿಯಾಗುತ್ತದೆ. ದನದ ಬಿಸಿಯೊಡನೆ ನೊಣವೂ ಬಂದಿತು. ಇನ್ನು ತೊಟ್ಟಿಮನೆಯ ತಂಪು ಊರಿನವರೆಲ್ಲರ ಪಾಲಿಗೆ ಇದ್ದುದಲ್ಲ. ಕಿಟಕಿಯಿಲ್ಲದ ಒಂದೇ ಅಂಕಣದ ಗುಡಿಸಲಿನಲ್ಲಿ ಬೆಂದವರು ಎಷ್ಟೋ ಮಂದಿ. ದೊರೆಗಳ ಬಂಗಲೆಯ ಪಂಖವನ್ನು ಹಗಲಿರುಳು ಎಳೆದವನೂ, ತಟ್ಟಿಗೆ ನೀರು ಹೊತ್ತವನೂ ತಾವು ಬಿಸಿಲಿನಲ್ಲಿಯೇ ಕುಳಿತಿದ್ದರು. ಒಬ್ಬನ ತಂಪು ಮತ್ತೊಬ್ಬನ ಬೆವರಾಗಿತ್ತು.

ತೊಟ್ಟಿಮನೆಯ ತಂಪೂ ಅಂತೆಯೇ ದುಡಿಮೆಯ ಫಲವೇ ಆಗಿದ್ದಿತು. ಯುಗಾದಿಗೆ ಮುಂಚೆ ಗೋಡೆಗೆ ಸುಣ್ಣ. ಹೊಸ ಸುಣ್ಣದ ಬಿಳುಪು ತನ್ನ ಮೇಲೆ ಬಿದ್ದ ಬಿಸಿಲಿನ ಸುಮಾರು ಮುಕ್ಕಾಲು ಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ. ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸುವುದು. ಮಾಳಿಗೆಯಾದರೆ ಅದರ ಮೇಲೆ ಚೌಳುಮಣ್ಣು ಹರಡಿ ಬಡಿಯುವುದು. ನೆಲಕ್ಕೆ ಸಗಣಿಯ ಸಾರಣೆ. ತೊಟ್ಟಿಯ ಮೋರಿಯಿಂದ ಕಸ ತೆಗೆಯುವುದು. ಬೆಳಗಿನ ಬಿಸಿಲೇರುವ ಮೊದಲು ಕಿಟಕಿಗಳನ್ನು ಮುಚ್ಚಿ, ಸಂಜೆಗೆ ತೆರೆಯುವುದು. ಈ ಕೆಲಸಗಳಲ್ಲಿ ಬಹುಪಾಲು ಮನೆಯ ಹೆಂಗಸರದು, ಉಳಿದುದು ಆಳುಕಾಳುಗಳದು. ಎರಡು ವರ್ಷ ಹೆಂಚು ಕೈಯಾಡಿಸದಿದ್ದರೆ ಸೂರು ಸೋರುತ್ತದೆ. ಸೂರು ಸೋರಿದರೆ ಮಣ್ಣುಗೋಡೆಯು ಕರಗುತ್ತದೆ. ಗೋಡೆ ಕರಗಿದ ಮೇಲೆ ಮನೆಯೇ ಇಲ್ಲ. ನಮ್ಮ ತೊಟ್ಟಿಮನೆಗಳಲ್ಲಿ ಎಷ್ಟೋ ಮನೆಗಳು ಕಾಲಕ್ಕೆ ಅಯೋಗ್ಯವಾದುವೆಂದು ಬಿದ್ದುವಲ್ಲ. ಅಣ್ಣತಮ್ಮಂದಿರು ಪಾಲಾಗಿ, ಮಕ್ಕಳು ಪೇಟೆ ಸೇರಿ, ಹೆಂಚು ಕೈಯಾಡಿಸುವವರಿಲ್ಲದೆ ಬಿದ್ದುವು.

ಈ ನಡುವೆ ಹೊಸ ಸಾಮಗ್ರಿಗಳು ಬಂದುವು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು; ಒಂದಕ್ಕೊಂದು ಕೂಡಿಕೊಳ್ಳುವ ಆ ಹೆಂಚು ಕ್ರಮೇಣ ಘಟ್ಟದ ಮೇಲಕ್ಕೂ ಬಂದು ವರ್ಷದ ಕೈಯಾಡಿಕೆಯನ್ನು ಕಡಮೆಮಾಡಿತು. ನಮ್ಮ ಜಿಲ್ಲೆಯ ಮಳವಳ್ಳಿ ತಾಲ್ಲೂಕಿಗೆ ಸೇರಿದ ಶಿವನಸಮುದ್ರದಿಂದ ೧೯೦೨ರ ಜೂನ್ ತಿಂಗಳಲ್ಲಿ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಕಾಕತಾಳೀಯವೋ ಎಂಬಂತೆ ಮುಂದಿನ ತಿಂಗಳಿನಲ್ಲಿಯೇ ಅಮೆರಿಕಾದ ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರನು ಬ್ರೂಕ್ಲಿನ್ ನಗರದ ಒಂದು ಮುದ್ರಣಾಲಯಕ್ಕಾಗಿ ಗಾಳಿಯ ತೇವವನ್ನು ಹತೋಟಿಯಲ್ಲಿಡುವ ಯಂತ್ರದ ನಕ್ಷೆಯನ್ನು ಸಿದ್ಧಪಡಿಸಿದನು. ಇಂದಿನ ಹವಾನಿಯಂತ್ರಣದ ಮೂಲ ಅದೇ. ಅದನ್ನು ಮೊದಲು ಮಾಡಿದುದು ಮನುಷ್ಯರ ಸುಖಕ್ಕಲ್ಲ, ಮುದ್ರಣದ ಕಾಗದವು ಹಿಗ್ಗಿ ಕುಗ್ಗದಿರಲೆಂದು. ಬೆಂಗಳೂರಿಗೆ ೧೯೦೫ರಲ್ಲಿಯೂ ಮೈಸೂರಿಗೆ ೧೯೦೮ರಲ್ಲಿಯೂ ಬಂದ ವಿದ್ಯುತ್ತು ಹಳ್ಳಿಗಳನ್ನು ಮುಟ್ಟಲು ಬಹುಕಾಲ ಹಿಡಿಯಿತು. ಅದು ಬಂದಮೇಲೆ ಪಂಖವನ್ನೆಳೆಯುವವನ ಬಾಳು ಬಿಡುಗಡೆ ಹೊಂದಿತೆಂಬುದು ಸಂತೋಷದ ಸಂಗತಿ.

ಆದರೆ ಅದರ ಬೆನ್ನಿಗೇ ನಾಲ್ಕೈದು ಅಂಗುಲ ದಪ್ಪದ ಕಾಂಕ್ರೀಟಿನ ತಾರಸಿಯೂ ಬಂದಿತು. ಸೋರದಿರುವುದು ಅದರ ಗುಣ. ಹಗಲಿನ ಬಿಸಿಲನ್ನು ಮೂರು ನಾಲ್ಕು ಗಂಟೆಗಳಲ್ಲಿಯೇ ಒಳಗಿಳಿಸಿ, ಮನೆಯವರು ಮಲಗುವ ಹೊತ್ತಿಗೆ ತಲೆಯ ಮೇಲೆ ಸುರಿಯುವುದು ಅದರ ಅವಗುಣ. ತೊಟ್ಟಿಯಿಲ್ಲ, ಜಗಲಿಯಿಲ್ಲ, ಸೂರಿನ ಚಾಚಿಲ್ಲ. ಮನೆಯು ತಾನು ಮಾಡುತ್ತಿದ್ದ ಕೆಲಸವನ್ನು ಬಿಟ್ಟುಬಿಟ್ಟುದರಿಂದ ಅದನ್ನು ಯಂತ್ರದಿಂದ ಮಾಡಿಸಬೇಕಾಗಿ ಬಂದಿದೆ.

ಹೀಗಿರಲಾಗಿ, ಇಂದಿನ ಗೃಹಸ್ಥನು ಯಾವುದನ್ನು ಆರಿಸಿಕೊಳ್ಳಬೇಕು? ಚರಿತ್ರೆಯಿಂದ ದೊರೆಯುವ ಉತ್ತರವು, ಮೊದಲು ಬಿಸಿಲನ್ನು ತಡೆ, ಆಮೇಲೆ ಗಾಳಿಯನ್ನು ಆಡಿಸು, ಕಡೆಯಲ್ಲಿ ಯಂತ್ರವನ್ನು ತಾ, ಎಂಬುದು. ತಾರಸಿಗೆ ವರ್ಷವರ್ಷ ಸುಣ್ಣ ಬಳಿಯುವುದಕ್ಕೂ ಪಶ್ಚಿಮದ ಕಿಟಕಿಗೆ ಚಪ್ಪರ ಹಾಕುವುದಕ್ಕೂ ಆಗುವ ವೆಚ್ಚ ಅತ್ಯಲ್ಪ. ಸಾಮಾನ್ಯವಾದ ವಿದ್ಯುತ್ ಪಂಖವು ಸುಮಾರು ೭೫ ವಾಟ್ ಶಕ್ತಿಯನ್ನು ತೆಗೆದುಕೊಳ್ಳುತ್ತದೆ. ಹೊಸ ಬಗೆಯ ಮೋಟಾರಿನದು ೩೦ರ ಆಸುಪಾಸು. ಒಂದೂವರೆ ಟನ್ನಿನ ಹವಾನಿಯಂತ್ರಕಕ್ಕಾದರೋ ಸುಮಾರು ೧,೫೦೦ ವಾಟ್ ಬೇಕು. ಇಲ್ಲಿ ಟನ್ ಎಂಬುದು ಯಂತ್ರದ ತೂಕವಲ್ಲ. ಬಾಸ್ಟನ್ನಿನಿಂದ ಹಡಗಿನಲ್ಲಿ ಹೊರಟ ಮಂಜುಗಡ್ಡೆಯು ೧೮೩೩ರಲ್ಲಿ ಕಲ್ಕತ್ತೆಯನ್ನು ಮುಟ್ಟಿತಷ್ಟೆ. ಅಂತಹ ಮಂಜುಗಡ್ಡೆಯ ಕಾಲದ ಅಳತೆಯೇ ಇಂದಿಗೂ ಉಳಿದುಬಂದಿದೆ. ಸುಮಾರು ೯೦೭ ಕಿಲೋಗ್ರಾಂ ಮಂಜುಗಡ್ಡೆಯು ೨೪ ಗಂಟೆಗಳಲ್ಲಿ ಕರಗುವಾಗ ಎಳೆದುಕೊಳ್ಳುವ ಶಾಖವೇ ಒಂದು ಟನ್. ಕೋಣೆಯ ಅಳತೆಗೂ ಅದರ ಮೇಲೆ ಬೀಳುವ ಬಿಸಿಲಿಗೂ ತಕ್ಕ ಟನ್ನನ್ನು ಆರಿಸಬೇಕೇ ಹೊರತು ದೊಡ್ಡದೇ ಮೇಲೆಂಬ ಭಾವನೆ ತಪ್ಪು.

ನೀರಿನಿಂದ ಗಾಳಿಯನ್ನು ತಣಿಸುವ ಕೂಲರ್ ಎಂಬ ಯಂತ್ರವು ಲಾಮಂಚದ ತಟ್ಟಿಯ ವಂಶದ್ದೇ. ಒಣಹವೆಯಿದ್ದಷ್ಟೂ ಅದರ ಕೆಲಸ ಚೆನ್ನು. ಆದುದರಿಂದ ಬೇಸಗೆಯಲ್ಲಿ ನಾಗಮಂಗಲದ ಬೆದ್ದಲಿನ ನಡುವಣ ಹಳ್ಳಿಯಲ್ಲಿ ಅದು ಕೊಡುವ ಸುಖವನ್ನು, ನಾಲೆಯ ನೀರು ನಿಂತ ಗದ್ದೆ ಕಬ್ಬುಗಳಿಂದ ಸುತ್ತುವರಿದ ಶ್ರೀರಂಗಪಟ್ಟಣ ಪಾಂಡವಪುರಗಳ ಮನೆಯಲ್ಲಿ ಅಷ್ಟಾಗಿ ನಿರೀಕ್ಷಿಸಲಾಗದು. ಮಳೆಗಾಲದಲ್ಲಂತೂ ಎಲ್ಲಿಯೂ ನಿರುಪಯೋಗಿ. ಅದರ ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಉಜ್ಜಿ ಒಣಗಿಸದಿದ್ದರೆ ಡೆಂಗೆ ಜ್ವರದ ಸೊಳ್ಳೆಯು ಅಲ್ಲಿಯೇ ಸಂಸಾರ ಹೂಡುತ್ತದೆ. ದ್ವೀಪದ ದಂಡನ್ನು ಓಡಿಸಿದ ಶತ್ರುವಿನ ದಾಯಾದಿಯನ್ನು ಹಜಾರದಲ್ಲಿ ಸಾಕಿದಂತಾಗುತ್ತದೆ.

ಹವಾನಿಯಂತ್ರಕವನ್ನೇ ಕೊಳ್ಳುವವರು ಸರ್ಕಾರದ ನಕ್ಷತ್ರಚಿಹ್ನೆಯನ್ನು ನೋಡಿ ಕೊಳ್ಳಬೇಕು. ನಕ್ಷತ್ರ ಹೆಚ್ಚಿದಷ್ಟೂ ವಿದ್ಯುತ್ತಿನ ವೆಚ್ಚ ಕಡಮೆ. ಇಂತಹ ಯಂತ್ರಗಳು ತಾವಾಗಿ ೨೪ ಡಿಗ್ರಿಗೆ ನಿಲ್ಲುವಂತಿರಬೇಕೆಂದು ೨೦೨೦ರ ಜನವರಿಯಿಂದ ಕಟ್ಟಳೆಯಾಗಿದೆ. ಕೊಂಡಮೇಲೆ ಜಾಲರಿಯ ಧೂಳನ್ನು ಹದಿನೈದು ದಿನಕ್ಕೊಮ್ಮೆ ತೊಳೆಯುವುದು, ಹೊರಗಿನ ಪೆಟ್ಟಿಗೆಗೆ ನೆರಳನ್ನೂ ಗಾಳಿಯನ್ನೂ ಒದಗಿಸುವುದು, ಬೇಸಗೆಗೆ ಮುಂಚೆ ಬಲ್ಲವರಿಂದ ಪರೀಕ್ಷೆಮಾಡಿಸುವುದು: ಇವು ಹೆಂಚು ಕೈಯಾಡಿಸುವ ಹಳೆಯ ಕೆಲಸದ ಹೊಸ ರೂಪಗಳೇ. ಆ ಹೊರಗಿನ ಪೆಟ್ಟಿಗೆಯು ಉಗುಳುವ ಬಿಸಿಗಾಳಿಯು ನೆರೆಮನೆಯ ಕಿಟಕಿಗೆ ಹೋಗದಂತೆ ನೋಡಿಕೊಳ್ಳುವುದೂ ಧರ್ಮವೇ. ಚಳಿಗಾಲದ ವಿಷಯದಲ್ಲಿ ಹಿಂದಿನವರ ವಿವೇಕವೇ ಈಗಲೂ ಸಾಕು: ನೀರಿಗೆ ಸೂರ್ಯನ ಶಾಖದಿಂದ ಕಾಯುವ ಹಂಡೆ, ಮೈಗೆ ಕಂಬಳಿ, ಹೊಗೆಗೆ ಹೊರದಾರಿ.

ಮೇಲ್ಕಂಡ ಸಂಗತಿಗಳಿಂದ ತಿಳಿದುಬರುವುದೇನೆಂದರೆ, ತಂಪೆಂಬುದು ಒಮ್ಮೆ ಬೆಲೆಕೊಟ್ಟು ಕೊಂಡುತರುವ ವಸ್ತುವಲ್ಲ. ವರ್ಷವರ್ಷವೂ ಪಾಲಿಸಬೇಕಾದ ಒಂದು ವ್ರತ. ಆದಕಾರಣ ಏನನ್ನಾದರೂ ಆರಿಸುವ ಮುನ್ನ ಅದರ ಬೆಲೆಯೆಷ್ಟೆಂದು ಕೇಳುವುದರ ಜೊತೆಗೆ, ಅದನ್ನು ಯಾರು, ಎಷ್ಟು ಕಾಲ, ಯಾವ ದುಡಿಮೆಯಿಂದ ನಡೆಸಿಕೊಂಡು ಹೋಗುವರೆಂದೂ ಕೇಳಬೇಕು. ಹಿಂದೆ ಆ ದುಡಿಮೆಯನ್ನು ಹೆಂಗಸರ ಮೇಲೂ ಆಳುಗಳ ಮೇಲೂ ಹೊರಿಸಿ ಮನೆಯ ಯಜಮಾನನು ಜಗಲಿಯ ಮೇಲೆ ಕುಳಿತನು. ಇಂದು ಆ ಹೊರೆಯನ್ನು ಮನೆಯವರೆಲ್ಲರೂ ಹಂಚಿಕೊಳ್ಳುವುದಾದರೆ, ತೊಟ್ಟಿಮನೆಯನ್ನು ಉಳಿಸಿಕೊಳ್ಳುವುದೂ ಅಸಾಧ್ಯವಲ್ಲ, ಹೊಸ ಮನೆಯನ್ನು ತಂಪಾಗಿಡುವುದೂ ಅಸಾಧ್ಯವಲ್ಲ. ಇನ್ನೂ ಗಟ್ಟಿಯಾಗಿ ನಿಂತಿರುವ ತೊಟ್ಟಿಮನೆಗಳನ್ನುಳ್ಳ ಕುಟುಂಬದವರು ಅವನ್ನು ಕೆಡವಲು ನಿಶ್ಚಯಿಸುವ ಮುನ್ನ, ಒಂದು ಬೇಸಗೆಯ ಮಟ್ಟಿಗಾದರೂ ಹೆಂಚು ಕೈಯಾಡಿಸಿ, ಗೋಡೆಗೆ ಸುಣ್ಣ ಬಳಿಸಿ, ಕಿಟಕಿಗಳನ್ನು ಹೊತ್ತರಿತು ತೆರೆದು ಮುಚ್ಚಿ ನೋಡಬೇಕೆಂಬುದು ನಮ್ಮ ವಿಜ್ಞಾಪನೆ.